ಒಂದು ದಿನದ ಪಾಠದ ಬೆಲೆ: ಸಿಂಗಲ್ಟನ್ ಗ್ರಾಮದ ವಯಸ್ಕರ ಶಿಕ್ಷಣ

ಇಂಗ್ಲೆಂಡಿನ ವೆಸ್ಟ್ ಸಸೆಕ್ಸ್ ಕೌಂಟಿಯ ಸಿಂಗಲ್ಟನ್ ಗ್ರಾಮದಲ್ಲಿ 1970ರಲ್ಲಿ ಸಾರ್ವಜನಿಕರಿಗೆ ತೆರೆದ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಸಂಸ್ಥೆಯು ಒಂದು ಬಯಲು ವಸ್ತುಸಂಗ್ರಹಾಲಯ. ಬೇರೆಡೆ ನೆಲಸಮವಾಗಲಿದ್ದ ಮನೆ, ಕಣಜ, ನೀರಗಿರಣಿ, ಸಂತೆಯ ಚಾವಡಿಗಳನ್ನು ತೊಲೆ ತೊಲೆಯಾಗಿ ಬಿಚ್ಚಿ ತಂದು, ಸುಮಾರು 40 ಎಕರೆ ನೆಲದಲ್ಲಿ ಮತ್ತೆ ಎತ್ತಿ ನಿಲ್ಲಿಸಿದ 50ಕ್ಕೂ ಹೆಚ್ಚು ಕಟ್ಟಡಗಳು ಅಲ್ಲಿವೆ. ಮರದ ಚೌಕಟ್ಟು ಕಟ್ಟುವುದು, ಸುಣ್ಣದ ಗಾರೆ ಕಲಸುವುದು, ಚಕಮಕಿ ಕಲ್ಲಿನ ಗೋಡೆ ಏರಿಸುವುದು, ನೂಲಿಗೆ ಗಿಡಮೂಲಿಕೆಯ ಬಣ್ಣ ಹಾಕುವುದು ಮೊದಲಾದ ವಿಷಯಗಳಲ್ಲಿ ಈ ಸಂಸ್ಥೆಯು ವಯಸ್ಕರಿಗಾಗಿ ನಡೆಸುವ ತರಗತಿಗಳಲ್ಲಿ ಹಲವು ಒಂದೇ ದಿನದಲ್ಲಿ ಮುಗಿಯುತ್ತವೆ. ಇಷ್ಟು ಕಿರಿದಾದ ಅವಧಿಯ ಶಿಕ್ಷಣ ಏನನ್ನು ಕಲಿಸಬಲ್ಲದು, ಏನನ್ನು ಕಲಿಸಲಾರದು ಎಂಬುದನ್ನು ಬೇರ್ಪಡಿಸಿ ನೋಡದೆ ಅದರ ಬೆಲೆ ಕಟ್ಟಲಾಗದು.

ಇಂಗ್ಲೆಂಡಿನಲ್ಲಿ ವಯಸ್ಕರ ಶಿಕ್ಷಣವು ಕೈಕಸುಬಿನಿಂದ ಆರಂಭವಾದದ್ದಲ್ಲ. 1873ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯವು ತನ್ನ ಆವರಣದ ಹೊರಗಿನ ಊರುಗಳಲ್ಲಿ ಉಪನ್ಯಾಸಗಳನ್ನು ಏರ್ಪಡಿಸತೊಡಗಿತು. 1903ರಲ್ಲಿ ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್ ಕಟ್ಟಿದ ಸಂಘವು ಮುಂದೆ ಕಾರ್ಮಿಕರ ಶಿಕ್ಷಣ ಸಂಘವೆಂದು ಹೆಸರಾಯಿತು. 1908ರಲ್ಲಿ ಇತಿಹಾಸಕಾರ ಆರ್. ಎಚ್. ಟಾನಿ ರೋಚ್‌ಡೇಲ್ ಮತ್ತು ಲಾಂಗ್ಟನ್ ಪಟ್ಟಣಗಳಲ್ಲಿ ದುಡಿಯುವವರಿಗಾಗಿ ತರಗತಿ ಆರಂಭಿಸಿದರು. ಟ್ಯುಟೋರಿಯಲ್ ತರಗತಿ ಎಂಬ ಈ ಪದ್ಧತಿಯಲ್ಲಿ ಕಲಿಯುವವರು ಮೂರು ವರ್ಷ ಬಿಡದೆ ಬರುವ ಮಾತು ಕೊಡಬೇಕಿತ್ತು, ಪ್ರತಿ ಪಾಠದ ಅರ್ಧ ಹೊತ್ತು ಚರ್ಚೆಗೆ ಮೀಸಲಾಗಿತ್ತು, ಮತ್ತು ಪ್ರಬಂಧ ಬರೆಯುವುದು ಅದರ ಅಂಗವೇ ಆಗಿತ್ತು. ಸಿಂಗಲ್ಟನ್‌ನ ಸಂಸ್ಥೆಗೂ ಈ ಪರಂಪರೆಗೂ ನೇರ ಸಂಬಂಧವಿದೆ, ಏಕೆಂದರೆ ಅದರ ಸ್ಥಾಪಕ ರಾಯ್ ಆರ್ಮ್‌ಸ್ಟ್ರಾಂಗ್ ಸ್ವತಃ ವಯಸ್ಕರ ಶಿಕ್ಷಣದ ಅಧ್ಯಾಪಕರಾಗಿದ್ದವರು. ಕ್ರಾಲಿ ಎಂಬಲ್ಲಿ ಹೊಸ ಪಟ್ಟಣ ಎದ್ದಾಗ ಮಧ್ಯಯುಗದ ಮರದ ಮನೆಗಳು ನಾಶವಾದದ್ದು ಅವರನ್ನು ಈ ಕೆಲಸಕ್ಕೆ ತೊಡಗಿಸಿತು.

ಈ ತರಗತಿಗಳ ದೊಡ್ಡ ಶಕ್ತಿ ಇರುವುದು ಕೈಯ ಕೆಲಸವನ್ನು ಇತಿಹಾಸದ ಸಾಕ್ಷ್ಯವಾಗಿ ಓದಿಸುವುದರಲ್ಲಿ. ಓಕ್ ಮರ ಒಣಗಿದಂತೆ ಉಳಿಗೆ ಬಗ್ಗದಷ್ಟು ಗಟ್ಟಿಯಾಗುವುದರಿಂದ ಮಧ್ಯಯುಗದ ಬಡಗಿಗಳು ಅದನ್ನು ಹಸಿಯಾಗಿರುವಾಗಲೇ ಕೆತ್ತುತ್ತಿದ್ದರು. ಒಂದು ತೊಲೆಯಲ್ಲಿ ಕೊರೆದ ಕಂಡಿಗೆ ಇನ್ನೊಂದರ ತುದಿಯ ನಾಲಿಗೆಯನ್ನು ಕೂಡಿಸಿ, ಮರದ ಗೂಟ ಜಡಿದು ಬಿಗಿಗೊಳಿಸುತ್ತಿದ್ದರು. ಒಂದು ಕಂಡಿಗೆ ಹೊಂದುವ ನಾಲಿಗೆ ಮತ್ತೊಂದಕ್ಕೆ ಹೊಂದುವುದಿಲ್ಲವಾದ್ದರಿಂದ, ಚೌಕಟ್ಟನ್ನು ಮೊದಲು ಅಂಗಳದಲ್ಲಿ ಜೋಡಿಸಿ ನೋಡಿ, ಪ್ರತಿ ಸಂದಿಗೂ ಗೀರು ಗುರುತು ಹಾಕಿ, ಬಿಚ್ಚಿ ಒಯ್ದು ಮನೆಯ ಜಾಗದಲ್ಲಿ ನಿಲ್ಲಿಸುವುದು ವಾಡಿಕೆಯಾಗಿತ್ತು. ಅಂಥ ಒಂದು ಸಂದಿಯನ್ನು ಸ್ವತಃ ಕೊರೆದವರಿಗೆ ಹಳೆಯ ತೊಲೆಗಳ ಮೇಲಿನ ಗೀರುಗಳು ಅಲಂಕಾರವಲ್ಲ, ಲೆಕ್ಕ ಎಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ. ಕೆಂಟ್ ಕೌಂಟಿಯ ಬೌ ಬೀಚ್ ಜಲಾಶಯದಿಂದಾಗಿ ಮುಳುಗಡೆಯ ಭಯಕ್ಕೆ ಸಿಲುಕಿದ್ದ, 15ನೇ ಶತಮಾನದ ಆರಂಭದ ಬೇಲೀಫ್ ಎಂಬ ಹೆಸರಿನ ರೈತಮನೆಯನ್ನು ಸಿಂಗಲ್ಟನ್‌ಗೆ ತಂದು ನಿಲ್ಲಿಸಲು ಸಾಧ್ಯವಾದದ್ದೂ ಬಿಚ್ಚಿ ಕಟ್ಟಬಹುದಾದ ಈ ರಚನೆಯಿಂದಲೇ. ಹಾಗಾಗಿ ಕಲಿಸುವ ಕಸುಬಿಗೂ ಕಲಿಯುವ ಸ್ಥಳಕ್ಕೂ ಇಲ್ಲಿರುವಷ್ಟು ನಿಕಟವಾದ ನಂಟು ಬೇರೆಡೆ ವಿರಳ.

ಎರಡನೆಯ ಗುಣ ವ್ಯವಹಾರಕ್ಕೆ ಸಂಬಂಧಿಸಿದ್ದು. ಹಳೆಯ ಮರದ ಮನೆಗಳ ಚೌಕಟ್ಟಿನ ನಡುವಿನ ಗೋಡೆಯೆಂದರೆ ಕಡ್ಡಿಗಳನ್ನು ಹೆಣೆದ ತಡಿಕೆಗೆ ಜೇಡಿಮಣ್ಣು, ಹುಲ್ಲು, ಸಗಣಿಗಳನ್ನು ತುಳಿದು ಹದಮಾಡಿ ಮೆತ್ತಿದ ಗೋಡೆ. ಅದರ ಮೇಲಿನ ಸುಣ್ಣದ ಲೇಪ ತೇವವನ್ನು ಹೀರಿಕೊಂಡು ಹೊರಬಿಡುತ್ತದೆ. 20ನೇ ಶತಮಾನದಲ್ಲಿ ದುರಸ್ತಿಯ ಹೆಸರಿನಲ್ಲಿ ಅದೇ ಗೋಡೆಗಳಿಗೆ ಸಿಮೆಂಟ್ ಬಳಿದಾಗ ತೇವ ಒಳಗೇ ಸಿಕ್ಕಿಬಿದ್ದು ಎಷ್ಟೋ ತೊಲೆಗಳು ಕೊಳೆತವು. ಒಂದು ದಿನ ಗಾರೆ ಕಲಸಿದವರು ಗಾರೆ ಕೆಲಸದವರಾಗುವುದಿಲ್ಲ ನಿಜ, ಆದರೆ ತಮ್ಮ ಮನೆಗೆ ಸಿಮೆಂಟ್ ಬಳಿಯಲು ಬಂದವರನ್ನು ತಡೆಯುವಷ್ಟು ವಿವೇಕವನ್ನು ಖಂಡಿತ ಪಡೆಯುತ್ತಾರೆ. ಕಸುಬಿಗೆ ವರ್ಷಗಳು ಬೇಕು, ಕಸುಬನ್ನು ಗುರುತಿಸುವ ಕಣ್ಣಿಗೆ ಒಂದು ದಿನವೂ ಆರಂಭ ಒದಗಿಸಬಲ್ಲದು. ಈ ಶಿಕ್ಷಣದ ನಿಜವಾದ ಫಲ ಇದು.

ಆದ್ದರಿಂದಲೇ ಇಂಥ ತರಗತಿಗಳು ಅಳಿಯುತ್ತಿರುವ ಕಸುಬುಗಳನ್ನು ಉಳಿಸುತ್ತವೆ ಎಂಬ ಸಾಮಾನ್ಯ ಹೊಗಳಿಕೆಯನ್ನು ಒಪ್ಪುವುದು ಕಷ್ಟ. ಬ್ರಿಟನ್ನಿನ ಪಾರಂಪರಿಕ ಕರಕುಶಲ ಸಂಘವು 2017ರಲ್ಲಿ ಮೊದಲ ಬಾರಿಗೆ ಪ್ರಕಟಿಸಿದ ಅಪಾಯದ ಪಟ್ಟಿಯಲ್ಲಿ, ಆ ದೇಶದಲ್ಲಿ ಸಂಪೂರ್ಣ ಅಳಿದ ಕಸುಬುಗಳ ಸಾಲಿನಲ್ಲಿ ಕ್ರಿಕೆಟ್ ಚೆಂಡಿನ ಕೈಹೊಲಿಗೆಯೂ ಇತ್ತು. ಕೆಂಟ್‌ನ ಹಳ್ಳಿಗಳಲ್ಲಿ 18ನೇ ಶತಮಾನದಿಂದ ನಡೆದುಬಂದಿದ್ದ ಆ ಹೊಲಿಗೆ ನಿಂತುಹೋದದ್ದು ಕಲಿಯುವ ಆಸಕ್ತಿ ಬತ್ತಿದ್ದರಿಂದಲ್ಲ, ಅದರಿಂದ ಹೊಟ್ಟೆ ತುಂಬುವ ಕಾಲ ಮುಗಿದು ಕೆಲಸ ಭಾರತ ಮತ್ತು ಪಾಕಿಸ್ತಾನದ ಕಡೆಗೆ ಸರಿದದ್ದರಿಂದ. ಜೀವನೋಪಾಯ ಕಳೆದುಕೊಂಡ ಕಸುಬನ್ನು ಬಿಡುವಿನ ದಿನದ ಕಲಿಕೆ ಬದುಕಿಸಲಾರದು.

ಮೂರು ಕೊರತೆಗಳನ್ನು ಇಲ್ಲಿ ಹೇಳಲೇಬೇಕು. ಸರ್ಕಾರದ ನಿಯತ ಅನುದಾನವಿಲ್ಲದ ಸಂಸ್ಥೆಗೆ ಶುಲ್ಕ ವಿಧಿಸುವುದು ಅನಿವಾರ್ಯವಾದರೂ, ಹಣ, ಬಿಡುವು, ಕಾರು ಮೂರೂ ಉಳ್ಳವರಿಗೇ ಬಾಗಿಲು ಸುಲಭವಾಗಿ ತೆರೆಯುತ್ತದೆ. ಸಿಂಗಲ್ಟನ್‌ಗಿದ್ದ ಪ್ರಯಾಣಿಕರ ರೈಲು 1935ರಲ್ಲೇ ನಿಂತಿದೆ. ಎರಡನೆಯದು ಮುಂದುವರಿಕೆಯ ಕೊರತೆ: ಟಾನಿಯವರ ತರಗತಿಯಲ್ಲಿ ಕಲಿತದ್ದನ್ನು ಪ್ರಶ್ನಿಸಲು ಮುಂದಿನ ವಾರವಿತ್ತು, ದಿನದ ತರಗತಿಗೆ ಮುಂದಿನ ವಾರವಿಲ್ಲ, ಇದೇ ಸಂಸ್ಥೆ ನಡೆಸುವ ಸ್ನಾತಕೋತ್ತರ ವ್ಯಾಸಂಗಕ್ಕೂ ದಿನದ ತರಗತಿಗೂ ನಡುವೆ ಸಾಮಾನ್ಯ ಕಲಿಕೆದಾರರು ಏರಬಹುದಾದ ಮೆಟ್ಟಿಲುಗಳು ಸಾಲದು. ಮೂರನೆಯದು ಎಲ್ಲಕ್ಕಿಂತ ಗಂಭೀರ. ಕೈಕೆಲಸವನ್ನು ಸಂತೋಷಕ್ಕಾಗಿ ಮಾಡುವ ದಿನದಲ್ಲಿ, ಅದನ್ನು ಕೂಲಿಗಾಗಿ ಮಾಡಿದವರ ಬವಣೆ ಸುಲಭವಾಗಿ ಮರೆಯಾಗುತ್ತದೆ. 1830ರಲ್ಲಿ ಕೆಂಟ್‌ನಲ್ಲಿ ಹೊತ್ತಿಕೊಂಡು ಸಸೆಕ್ಸ್‌ಗೂ ಹಬ್ಬಿದ ಕ್ಯಾಪ್ಟನ್ ಸ್ವಿಂಗ್ ಗಲಭೆಗಳಲ್ಲಿ ಕೃಷಿ ಕೂಲಿಗಳು ಒಕ್ಕಣೆಯ ಯಂತ್ರಗಳನ್ನು ಒಡೆದುಹಾಕಿದ್ದು ಚಳಿಗಾಲದ ತಮ್ಮ ಮುಖ್ಯ ಆಸರೆ ತಪ್ಪಿತೆಂಬ ಹತಾಶೆಯಿಂದ. ಉದ್ದ ಹಿಡಿಯ ಕುಡುಗೋಲು ಬೀಸುವುದನ್ನು ಕಲಿಸುವ ಪಾಠವು ಆ ಇತಿಹಾಸವನ್ನು ಮುಟ್ಟದೆ ಮುಗಿದರೆ ಅರ್ಧ ಪಾಠವಷ್ಟೇ.

ಹಾಗಿದ್ದೂ ಈ ತರಗತಿಗಳ ಅಗತ್ಯ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ಗ್ರಾಮೀಣ ಮಹಿಳಾ ಸಂಘಗಳ ಒಕ್ಕೂಟವು 1948ರಲ್ಲಿ ವಯಸ್ಕರ ಕಲಿಕೆಗಾಗಿ ಮಾರ್ಕಮ್ ಗ್ರಾಮದಲ್ಲಿ ತೆರೆದ ಡೆನ್ಮನ್ ಕಾಲೇಜು 2020ರಲ್ಲಿ ಮುಚ್ಚಿತು. ಈಗಾಗಲೇ ಪದವಿ ಇರುವವರು ಅದೇ ಮಟ್ಟದ ಅಥವಾ ಅದಕ್ಕಿಂತ ಕೆಳಗಿನ ವ್ಯಾಸಂಗ ಮಾಡಿದರೆ ಅನುದಾನವಿಲ್ಲವೆಂಬ 2007ರ ಸರ್ಕಾರಿ ನಿರ್ಧಾರವು ವಿಶ್ವವಿದ್ಯಾಲಯಗಳ ವಯಸ್ಕರ ವಿಭಾಗಗಳಿಗೂ ಪೆಟ್ಟು ಕೊಟ್ಟಿತು. ಇಂಥ ಕಲಿಕೆ ಉಳಿದಿರುವ ತಾಣಗಳಲ್ಲಿ ಸಿಂಗಲ್ಟನ್ ಒಂದು. ಅದರ ದಿನದ ತರಗತಿಗಳು ಕುಶಲಕರ್ಮಿಗಳನ್ನು ತಯಾರಿಸುವ ಶಾಲೆಯಾಗಿ ಸೋಲುತ್ತವೆ, ಇತಿಹಾಸದ ಶಾಲೆಯಾಗಿ ಗೆಲ್ಲುತ್ತವೆ. ದುಡಿದವರ ಕಥೆಯನ್ನು ಪಾಠದೊಳಗೆ ತಂದು, ಒಂದು ದಿನದಿಂದ ಇನ್ನೊಂದಕ್ಕೆ ಕೊಂಡಿ ಹಾಕಿ, ಕಡಿಮೆ ಆದಾಯದವರಿಗೆ ಶುಲ್ಕ ತಗ್ಗಿಸಿದರೆ ಆ ಗೆಲುವು ಪೂರ್ಣವಾಗುತ್ತದೆ.