ಗಟ್ಟಿ ಬ್ರೇಕೆಲ್ಲ ಒಳ್ಳೆ ಬ್ರೇಕಲ್ಲ

ಕಾರ್ ರೇಸಿನ ಆಟಕ್ಕೆಂದು ಲಾಜಿಟೆಕ್ ಜಿ29 ಸ್ಟೀರಿಂಗ್-ಪೆಡಲ್ ಸೆಟ್ ಕೊಂಡವರು ಮೊದಲು ದೂರುವುದೇ ಅದರ ಬ್ರೇಕನ್ನು. 2015ರಲ್ಲಿ ಬಂದ ಈ ಸೆಟ್ಟಿನ ಬ್ರೇಕ್ ಪೆಡಲಿನೊಳಗೆ ಸ್ಪ್ರಿಂಗ್ ಜೊತೆಗೊಂದು ರಬ್ಬರ್ ತುಂಡಿದೆ. ಪೆಡಲ್ ಮೊದಲು ಸಲೀಸಾಗಿ ಇಳಿಯುತ್ತದೆ, ರಬ್ಬರಿಗೆ ತಾಗಿದೊಡನೆ ಬಿಗಿಯುತ್ತದೆ. ಕೆಲವರು ಆ ರಬ್ಬರನ್ನೇ ಕಿತ್ತೆಸೆಯುತ್ತಾರೆ, ಕೆಲವರು ಬಿರುಸಾದ ಸ್ಪ್ರಿಂಗ್ ಹಾಕುತ್ತಾರೆ, ಚೆಂಡು ಸೀಳಿ ಪೆಡಲಿನ ಹಿಂದೆ ಸಿಕ್ಕಿಸುವವರೂ ಉಂಟು. ಬೆಳಗಾವಿಯಲ್ಲಂತೂ ಇಂಥ ಖಟಾಟೋಪಕ್ಕೆ ಅನುಕೂಲ ಹೆಚ್ಚು. ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ತುಂಬ ಫೌಂಡ್ರಿ, ಲೇಥ್ ಮಷಿನ್‌ಗಳು. ವಾಹನಗಳ ಬಿಡಿಭಾಗಕ್ಕೆ ಎರಕ ಹೊಯ್ಯುವ ಊರಿನಲ್ಲಿ ಆ ರಬ್ಬರಿನ ಬದಲು ಹಾಕಲು ಒಂದು ಪಿಯು (ಪಾಲಿಯುರಿಥೇನ್) ಬುಶ್ ಮಾಡಿಸಿಕೊಳ್ಳುವುದು ದೊಡ್ಡ ಮಾತಲ್ಲ.

ತಕರಾರಿರುವುದು ಬುಶ್ಶಿನ ಮೇಲಲ್ಲ. ಈ ಪೆಡಲಿನ ಪೊಟೆನ್ಶಿಯೋಮೀಟರ್‌ಗೆ ತಿಳಿಯುವುದು ಪೆಡಲ್ ಎಷ್ಟು ಸರಿಯಿತು ಎಂಬುದಷ್ಟೆ. ಕಾಲು ಎಷ್ಟು ಬಲ ಹಾಕಿತು ಎಂಬುದು ಅದಕ್ಕೆ ಗೊತ್ತೇ ಆಗದು. ಬುಶ್ ಗಟ್ಟಿಯಾದಷ್ಟೂ ಪೆಡಲಿನ ಓಡಾಟ ಕುಗ್ಗಿ, ಹಗುರ ಬ್ರೇಕಿಗೂ ಪೂರ್ತಿ ಬ್ರೇಕಿಗೂ ಉಳಿಯುವ ಅಂತರ ಕೆಲವೇ ಮಿಲಿಮೀಟರ್. ಕಾಲಿಗೆ ಕಸರತ್ತಾಯಿತು, ಹಿಡಿತ ಬರಲಿಲ್ಲ. ನಿಜವಾದ ಕಾರಿನಲ್ಲಿ ಪ್ಯಾಡ್ ಡಿಸ್ಕಿಗೆ ತಾಗಿದ ಮೇಲೆ ಪೆಡಲ್ ಹೆಚ್ಚು ಸರಿಯುವುದಿಲ್ಲ. ಆಮೇಲಿನದೆಲ್ಲ ಎಣ್ಣೆಯ ಒತ್ತಡದ, ಅಂದರೆ ಕಾಲಿನ ಬಲದ ಲೆಕ್ಕ.

ಇಷ್ಟಕ್ಕೂ ಯಾವ ಕಾರಿನ ಬ್ರೇಕ್ ಬೇಕು? ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುವ ನಮ್ಮ ಮನೆಮಂದಿಯ ಕಾರಿನ ಪೆಡಲ್ ಮೆತ್ತಗೇ ಇರುತ್ತದೆ. ವ್ಯಾಕ್ಯೂಮ್ ಬೂಸ್ಟರ್ ಕಾಲಿನ ಕೆಲಸವನ್ನು ಹಂಚಿಕೊಂಡಿರುತ್ತದೆ. ನಿಂತ ಕಾರಿನ ಎಂಜಿನ್ ಬಂದ್ ಮಾಡಿ ನಾಲ್ಕಾರು ಸಲ ತುಳಿದು ನೋಡಿ, ಪೆಡಲ್ ಬಿಗಿದುಕೊಳ್ಳುತ್ತದೆ. ಫಾರ್ಮುಲಾ 1 ಕಾರಿಗೆ ಅಂಥ ಬೂಸ್ಟರ್ ಇಲ್ಲ, ಅಲ್ಲಿ ಮುಂದಿನ ಚಕ್ರಗಳ ಬ್ರೇಕಿಗೆ ಪೂರ್ತಿ ಕಾಲಿನದೇ ಬಲ. ಸಾದಾ ಕಾರನ್ನೇ ಆಟದಲ್ಲಿ ಓಡಿಸುವವರೂ ‘ರಿಯಲ್ ಫೀಲ್’ ಎಂದು ಗೋಡೆ ಒದ್ದಂಥ ಪೆಡಲ್ ಮಾಡಿಸಿಕೊಳ್ಳುವುದು ನನಗೆ ತಮಾಷೆಯಾಗಿ ಕಾಣುತ್ತದೆ. ಇನ್ನು ಘಾಟಿನಲ್ಲಿ ಗೇರ್ ಇಳಿಸದೆ ಬ್ರೇಕನ್ನೇ ನೆಚ್ಚಿದರೆ ಅದು ಕಾದು ಸೋಲುತ್ತದಲ್ಲ, ಆ ಭಯವನ್ನು ಯಾವ ರಬ್ಬರೂ ಕಾಲಿಗೆ ಮುಟ್ಟಿಸಲಾರದು.

ಪೊಟೆನ್ಶಿಯೋಮೀಟರ್ ಬದಲು ಹಾಕುವ ಲೋಡ್ ಸೆಲ್ ಬಲವನ್ನೇ ಅಳೆಯುವುದರಿಂದ, ಮಾರ್ಪಾಡು ಮಾಡುವುದಾದರೆ ನನ್ನ ಮತ ಅದಕ್ಕೆ. ಅದೇನೂ ಅಪರೂಪದ ವಸ್ತುವಲ್ಲ. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೊಳಗೂ ಅದೇ ಇದೆ. ಮನೆಯಲ್ಲೇ ಜೋಡಿಸುವವರು ಅದರೊಂದಿಗೆ ಬಳಸುವ ಎಚ್‌ಎಕ್ಸ್711 ಚಿಪ್ಪೂ ತಕ್ಕಡಿಗೆಂದೇ ಮಾಡಿದ್ದು. ಅಲ್ಲೇ ಒಂದು ತೊಡಕು. ಈ ಚಿಪ್ಪಿನ ಬೋರ್ಡುಗಳು ಸಾಮಾನ್ಯವಾಗಿ ಸೆಕೆಂಡಿಗೆ 10 ಸಲ ಮಾತ್ರ ಅಳೆಯುವಂತೆ ಬರುತ್ತವೆ. ಬೇಳೆ ತೂಗಲು ಅಷ್ಟು ಸಾಕು, ತಿರುವಿಗೆ ಮುನ್ನ ಬ್ರೇಕ್ ಒತ್ತುವವನಿಗೆ ಸಾಲದು. ರೇಟ್ ಪಿನ್ನಿನ ಜೋಡಣೆ ಬದಲಿಸಿ ಅದನ್ನು 80ಕ್ಕೆ ಏರಿಸಬೇಕು. ಈ ಕೆಲಸ ಬಿಟ್ಟು ‘ಲೋಡ್ ಸೆಲ್ಲೂ ಇಷ್ಟೇ’ ಎಂದು ಬೈದರೆ ತಪ್ಪು ಸೆಲ್ಲಿನದಲ್ಲ.

ಖರ್ಚು ಬೇಡವೆನ್ನುವವರಿಗೆ ಸಾಫ್ಟ್‌ವೇರ್ ಇದೆ. ಅಸೆಟ್ಟೊ ಕೋರ್ಸಾ ಎಂಬ ರೇಸ್ ಆಟದಲ್ಲಿ ಬ್ರೇಕ್ ಗಾಮಾ ಎಂಬ ಸೆಟ್ಟಿಂಗ್ ಹೊಂದಿಸಿದರೆ ಪೆಡಲಿನ ಮೊದಲ ಭಾಗದ ಹಿಡಿತ ಸುಧಾರಿಸುತ್ತದೆ. ಬುಶ್ ಮಾಡಿಸುವ ಮೊದಲು ಇದನ್ನು ನೋಡದವರೇ ಜಾಸ್ತಿ. ಇನ್ನು ಲೋಡ್ ಸೆಲ್ ಹಾಕಿಸಿಯೂ ಚಕ್ರದ ಕುರ್ಚಿಯಲ್ಲೇ ಕೂತರೆ ಜೋರಾಗಿ ತುಳಿದಾಗ ಹಿಂದೆ ಓಡುವುದು ಕುರ್ಚಿ. ಜಿ29ರ ಪೆಡಲ್ ಸೆಟ್ಟಿನ ಅಡಿಯ ಹಲ್ಲುಪಟ್ಟಿ ಜಮಖಾನೆಯನ್ನು ಕಚ್ಚೀತು, ನುಣ್ಣನೆಯ ಟೈಲ್ಸನ್ನಲ್ಲ. ಉದ್ಯಮಬಾಗಕ್ಕೆ ಹೋಗುವುದೇ ಆದರೆ ಮೊದಲು ಕುರ್ಚಿ, ಪೆಡಲು ಎರಡನ್ನೂ ಸೇರಿಸಿ ಬಿಗಿಯುವ ಒಂದು ಕಬ್ಬಿಣದ ಫ್ರೇಮ್ ವೆಲ್ಡ್ ಮಾಡಿಸಬೇಕು, ಬುಶ್ಶಿನ ಮಾತು ಆಮೇಲೆ.