ಮೆತ್ತೆ ಬೇಡ, ರಟ್ಟು ಬೇಕು

ನಾನು ಕಂಡ ಮಟ್ಟಿಗೆ ಇ-ರೀಡರ್‌ಗಳು ಕೈಜಾರಿ ಬಿದ್ದು ಕೆಡುವುದಕ್ಕಿಂತ ಚೀಲದೊಳಗೆ ಒತ್ತಡಕ್ಕೆ ಸಿಕ್ಕಿ ಕೆಡುವುದೇ ಹೆಚ್ಚು. ಬಸ್ಸಿನಲ್ಲಿ ಚೀಲ ತೊಡೆಯ ಮೇಲಿರುತ್ತದೆ, ಪಕ್ಕದವರು ಸ್ವಲ್ಪ ಒರಗುತ್ತಾರೆ, ಒಳಗಿನ ಟಿಫಿನ್ ಡಬ್ಬಿಯ ಮೂಲೆ ಪರದೆಯ ನಡುಮಧ್ಯೆ ಊರಿಕೊಳ್ಳುತ್ತದೆ. ಮನೆಗೆ ಬಂದು ತೆರೆದರೆ ಪರದೆಯ ಅರ್ಧ ಭಾಗದಲ್ಲಿ ಬೆಳಿಗ್ಗೆ ಓದಿದ ಪುಟ ಹಾಗೇ ಸಿಕ್ಕಿಕೊಂಡಿದೆ, ಉಳಿದರ್ಧದಲ್ಲಿ ಬರೀ ಗೆರೆಗಳು. ಬೆರಳಾಡಿಸಿದರೆ ಮೇಲೆ ಒಂದು ಗೀರೂ ಸಿಗದು. ಒಡೆದದ್ದು ಒಳಗಡೆ. ಇಂಕಿನ ಕಣಗಳಿರುವ ಪದರ ಬಳುಕುವ ಪ್ಲಾಸ್ಟಿಕ್ಕಿನದು. ಆದರೆ ಅದರ ಹಿಂದೆ ಟ್ರಾನ್ಸಿಸ್ಟರ್‌ಗಳನ್ನು ಹೊತ್ತ ಗಾಜಿನ ತಗಡು ಒಂದು ಮಿಲಿಮೀಟರಿಗಿಂತ ತೆಳು. ಅದಕ್ಕೆ ಬಳುಕುವುದು ಗೊತ್ತಿಲ್ಲ.

ಇಷ್ಟು ಗೊತ್ತಾದ ಮೇಲೆ ಕವರ್ ಬಗ್ಗೆ ನನ್ನ ವಾದ ಸರಳ. ಇ-ರೀಡರಿಗೆ ಬೇಕಾದದ್ದು ಹಾಸಿಗೆಯಲ್ಲ, ಹಲಗೆ. ಸ್ಪಂಜು ತುಂಬಿದ, ಜಿಪ್ಪು ಹಾಕಿದ ದಪ್ಪ ಚೀಲಗಳು ನೋಡಲು ಭದ್ರವಾಗಿ ಕಾಣುತ್ತವೆ. ಡಬ್ಬಿಯ ಮೂಲೆ ಒತ್ತಿದರೆ ಸ್ಪಂಜು ಅಲ್ಲೇ ತಗ್ಗಿ, ಪೆಟ್ಟನ್ನು ಗಾಜಿಗೆ ದಾಟಿಸಿಬಿಡುತ್ತದೆ. ಗಟ್ಟಿ ರಟ್ಟಾದರೆ ಅದೇ ಒತ್ತಡವನ್ನು ಅಗಲಕ್ಕೆ ಹರಡುತ್ತದೆ.

ಪ್ಲಾಸ್ಟಿಕ್ ಚಿಪ್ಪಿಗೆ ಸಾಧನವನ್ನು ಟಕ್ಕೆಂದು ಕೂರಿಸುವ ಮಾದರಿಯನ್ನಂತೂ ನಾನು ಯಾರಿಗೂ ಹೇಳುವುದಿಲ್ಲ. ಕೂರಿಸುವಾಗ ತೊಂದರೆಯಿಲ್ಲ, ತೆಗೆಯುವಾಗ ಮೂಲೆಗೆ ಉಗುರು ಹಾಕಿ ಎಬ್ಬಿಸಬೇಕು. ಯಾವುದನ್ನು ಬಾಗದಂತೆ ಕಾಯಬೇಕೋ ಅದನ್ನೇ ಬಾಗಿಸಬೇಕು. ಇನ್ನು ಚರ್ಮದಂತೆ ಕಾಣುವ ಪಿಯು ಹೊದಿಕೆ. ಪಾಲಿಯುರೆಥೇನಿಗೆ ತೇವ ಆಗದು. ಕರಾವಳಿಯಲ್ಲೋ ಮಲೆನಾಡಿನಲ್ಲೋ ಕೆಲವು ಮಳೆಗಾಲ ಕಂಡಮೇಲೆ ಅದು ಜಿಗುಟಾಗಿ, ಸಿಪ್ಪೆ ಸಿಪ್ಪೆಯಾಗಿ ಉದುರಿ, ಚೀಲದ ತುಂಬ ಕಪ್ಪು ಹೊಟ್ಟು ಮಾಡುತ್ತದೆ. ಅದಕ್ಕಿಂತ ಬೈಂಡಿಂಗ್‌ನವರ ಹಳೆಯ ಕ್ಯಾಲಿಕೋ ಬಟ್ಟೆ ಎಷ್ಟೋ ವಾಸಿ.

ಕವರ್ ಎಂದರೆ ಏನು ಮಹಾ ಎನ್ನುವವರಿಗೆ 2010ರ ಕೀಬೋರ್ಡ್ ಕಿಂಡಲ್‌ನ ಕಥೆ ಹೇಳಬೇಕು. ಅದರ ಎಡ ಅಂಚಿನಲ್ಲಿ ಎರಡು ಸೀಳುಗಳಿದ್ದವು. ಕವರಿನ ಲೋಹದ ಕೊಕ್ಕೆಗಳು ಅವಕ್ಕೆ ಸಿಕ್ಕಿಕೊಳ್ಳುತ್ತಿದ್ದವು. ದೀಪವಿರುವ ಕವರ್ ಆ ಕೊಕ್ಕೆಗಳ ಮೂಲಕವೇ ಬ್ಯಾಟರಿಯಿಂದ ಕರೆಂಟು ಹೀರುತ್ತಿತ್ತು, ಬಲು ಜಾಣ ಉಪಾಯ. ದೀಪವಿಲ್ಲದ ಅಗ್ಗದ ಕವರಿಗೂ ಅಂಥವೇ ಕೊಕ್ಕೆಗಳು ಬಂದವು. ಅವೆರಡರ ನಡುವೆ ವಿದ್ಯುತ್ ಹರಿಯಲು ದಾರಿಯಿದ್ದುದರಿಂದ ಕಿಂಡಲ್ ತನ್ನಷ್ಟಕ್ಕೆ ತಾನೇ ರೀಸ್ಟಾರ್ಟ್ ಆಗತೊಡಗಿತು. ಜನ ಸಾಧನವನ್ನು ಬೈದರು, ತಪ್ಪು ಉಡುಪಿನದ್ದಾಗಿತ್ತು. ಮುಂದೆ ಕೊಕ್ಕೆ ಹೋಗಿ ಆಯಸ್ಕಾಂತ ಬಂತು. 2011ರಲ್ಲಿ ಐಪ್ಯಾಡ್ 2 ಜೊತೆ ಬಂದ ಕವರ್ ಮುಚ್ಚಿದರೆ ಪರದೆ ಮಲಗುತ್ತಿತ್ತು, ತೆರೆದರೆ ಏಳುತ್ತಿತ್ತು. 2012ರ ಕಿಂಡಲ್ ಪೇಪರ್‌ವೈಟ್‌ನ ಕವರಿಗೂ ಅದೇ ವಿದ್ಯೆ ಬಂತು.

ಮನೆಯಲ್ಲೇ ಮಾಡಿಕೊಳ್ಳುವವರಿಗೆ ಇವೆಲ್ಲಕ್ಕಿಂತ ಹಳೆಯ ಗುರುಗಳಿದ್ದಾರೆ. ತಾಳೆಗರಿಯ ಕಟ್ಟನ್ನು ನೋಡಿ. ಗರಿಯ ಅಳತೆಯದೋ ಅದಕ್ಕಿಂತ ತುಸು ದೊಡ್ಡದೋ ಆದ ಎರಡು ಮರದ ಹಲಗೆ, ಬಿಗಿಯಲು ದಾರ, ಮೇಲೆ ಒಂದು ಬಟ್ಟೆಯ ಸುತ್ತು. ರಟ್ಟು ಬೈಂಡಿನ ಪುಸ್ತಕವೂ ಇದೇ ದಾರಿಯದು: ರಟ್ಟು ಹಾಳೆಗಿಂತ ಮೂರು ಮಿಲಿಮೀಟರಿನಷ್ಟು ಹೊರಚಾಚಿರುತ್ತದೆ. ಬಿದ್ದರೆ ರಟ್ಟಿನ ಮೂಲೆ ಜಜ್ಜುತ್ತದೆ, ಹಾಳೆ ಉಳಿಯುತ್ತದೆ. 2010ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡೋಡೋಕೇಸ್ ಎಂಬ ಕಂಪನಿ ಅಲ್ಲಿನ ಬೈಂಡಿಂಗ್‌ನವರ ಕೈಯಲ್ಲೇ ಐಪ್ಯಾಡಿಗೆ ರಟ್ಟು ಕಟ್ಟಿಸಿ ಹೆಸರು ಮಾಡಿತು. ನಮ್ಮಲ್ಲೂ ಬೈಂಡಿಂಗ್ ಅಂಗಡಿಗಳಿಗೆ ಬರವಿಲ್ಲ, ಪರೀಕ್ಷೆಯ ಪ್ರಾಜೆಕ್ಟ್ ರಿಪೋರ್ಟುಗಳ ಆಚೆಗೆ ಅವರಿಗೆ ಕೆಲಸ ಕೊಡುವವರು ಬೇಕು ಅಷ್ಟೆ.

ಬೆಂಗಳೂರಿನಲ್ಲಾದರೆ ಸುಲ್ತಾನ್‌ಪೇಟೆಯಲ್ಲಿ ಗ್ರೇ ಬೋರ್ಡ್ ಸಿಗುತ್ತದೆ. ಅಂಗಡಿಯವರು ಔನ್ಸ್ ಲೆಕ್ಕ ಹೇಳಿದರೆ ಗಾಬರಿ ಬೇಡ, ಅಂಚಿಗೆ ಸ್ಕೇಲ್ ಹಿಡಿದು ಎರಡು ಮಿಲಿಮೀಟರ್ ದಪ್ಪದ್ದನ್ನು ಆರಿಸಿ. ರಟ್ಟಿಗೂ ಎಳೆ ಇರುತ್ತದೆ. ಎರಡೂ ಕಡೆ ಬಾಗಿಸಿದರೆ ಒಂದು ಕಡೆ ಸಲೀಸಾಗಿ ಬಳುಕುತ್ತದೆ. ಎಳೆ ಓಡುವುದು ಆ ಮಡಿಕೆಯ ಉದ್ದಕ್ಕೆ. ಅದು ಕವರಿನ ಬೆನ್ನಿಗೆ ಸಮಾನಾಂತರವಾಗಿರಲಿ. ಇಲ್ಲವಾದರೆ ಅಂಟು ಒಣಗುವಾಗ ರಟ್ಟು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಹೊರಗೆ ಬಟ್ಟೆ ಅಂಟಿಸಿ ಒಳಗೆ ಬರಿದೇ ಬಿಟ್ಟರೂ ಹಾಗೇ, ಒಂದು ಕಡೆಯ ಎಳೆತಕ್ಕೆ ಇನ್ನೊಂದು ಕಡೆ ಉತ್ತರವಿರಬೇಕು.

ಬೆನ್ನಿಗೆ ಮಾತ್ರ ರಟ್ಟು ಬೇಡ. ಓದುವಾಗ ಮುಂಭಾಗವನ್ನು ಪೂರ್ತಿ ಹಿಂದಕ್ಕೆ ಮಡಚಬೇಕಲ್ಲ, ಬೆನ್ನು ಬಟ್ಟೆಯದೇ ಇದ್ದರೆ ಮಡಿಕೆ ಸುಖವಾಗಿರುತ್ತದೆ. ಲೆಕ್ಕ ಹೀಗೆ: ಸಾಧನದ ದಪ್ಪ ಎಂಟು ಮಿಲಿಮೀಟರ್, ಎರಡು ರಟ್ಟಿನದು ನಾಲ್ಕು, ಒಳಬಟ್ಟೆಗೆ ಒಂದು, ಬೆನ್ನಿನ ಅಗಲ ಹದಿಮೂರು. 2021ರ ಪೇಪರ್‌ವೈಟ್ 174.2 ಮಿಲಿಮೀಟರ್ ಉದ್ದ, 124.6 ಅಗಲ. ಹೊರಚಾಚು, ಬೆನ್ನು, ಒಳಮಡಿಕೆ ಎಲ್ಲ ಸೇರಿದರೆ ಬೇಕಾಗುವ ಬಟ್ಟೆ ಹೆಚ್ಚುಕಡಿಮೆ ಒಂದು ಎ4 ಹಾಳೆಯಷ್ಟು.

ಅಷ್ಟು ಬಟ್ಟೆಗೆ ಗುಳೇದಗುಡ್ಡದ ಖಣಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಕುಪ್ಪಸಕ್ಕೆಂದೇ ನೇಯುವ ಬಟ್ಟೆಯಾದ್ದರಿಂದ ಬುಟ್ಟಾ ಚಿಕ್ಕದು, ಸಣ್ಣ ರಟ್ಟಿನ ಮೇಲೂ ವಿನ್ಯಾಸ ತುಂಡಾಗಿ ಕಾಣುವುದಿಲ್ಲ. ಖಣದ ಅಂಚು ಸರಿಯಾಗಿ ಬೆನ್ನಿನ ಮೇಲೆ ಬರುವಂತೆ ಕೂರಿಸಿದರೆ, ಕಪಾಟಿನಲ್ಲಿ ಪುಸ್ತಕಗಳ ನಡುವೆ ನಿಲ್ಲಿಸಿದಾಗ ಅದರ ಠೀವಿಯೇ ಬೇರೆ. ಆದರೆ ಖಣವನ್ನು ನೇರವಾಗಿ ಅಂಟಿಸಬಾರದು, ಎಳೆಗಳ ಸಂದಿಯಿಂದ ಅಂಟು ಮೇಲೆ ಬಂದು ಕಲೆಯಾಗುತ್ತದೆ. ಕುಪ್ಪಸದ ಕತ್ತಿಗೆ ದರ್ಜಿಗಳು ಇಸ್ತ್ರಿ ಹಾಕಿ ಅಂಟಿಸುವ ತೆಳು ಕ್ಯಾನ್ವಾಸ್ ಇದೆಯಲ್ಲ, ಅದನ್ನು ಮೊದಲು ಖಣದ ಹಿಂಬದಿಗೆ ಹಿಡಿಸಿ, ಆಮೇಲೆ ರಟ್ಟಿಗೆ. ಒಳಬದಿಗೆ ಮಾತ್ರ ಖಣ ಬೇಡವೇ ಬೇಡ. ಉಬ್ಬಿದ ಎಳೆಗಳ ನಡುವೆ ಮರಳಿನ ಕಣ ಕೂತರೆ ಪರದೆಯನ್ನು ದಿನವೂ ಉಜ್ಜುತ್ತದೆ. ಅಲ್ಲಿಗೆ ಮೆತ್ತನೆಯ ಫ್ಲಾನೆಲ್ ಸಾಕು, ವಾರಕ್ಕೊಮ್ಮೆ ಕೊಡವಿದರಾಯಿತು.

ಆಯಸ್ಕಾಂತಕ್ಕೆ ಬೆಂಗಳೂರಿನ ಎಸ್‌.ಪಿ. ರಸ್ತೆ. ಬಿಲ್ಲೆಯಾಕಾರದ, ಒಂದು ಮಿಲಿಮೀಟರ್ ದಪ್ಪದ ನಿಯೋಡಿಮಿಯಂ ಕೇಳಿ. ಸಾಧನದೊಳಗೆ ಆಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್ ಎಲ್ಲಿದೆ ಎಂದು ಹುಡುಕುವುದೇ ಈ ಕೆಲಸದ ಅತಿ ಸೊಗಸಾದ ಗಳಿಗೆ. ಪರದೆ ಎಚ್ಚರವಿರುವಾಗ ಬಿಲ್ಲೆಯನ್ನು ಅಂಚಿನ ಗುಂಟ ಮೆಲ್ಲಗೆ ಜಾರಿಸಿ. ಒಂದು ಜಾಗದಲ್ಲಿ ಪರದೆ ತಟ್ಟನೆ ಮಲಗುತ್ತದೆ. ಎಲ್ಲೂ ಮಲಗದಿದ್ದರೆ ಬಿಲ್ಲೆಯನ್ನು ಮಗುಚಿ ಮತ್ತೆ ಜಾರಿಸಿ, ಕೆಲವು ಸೆನ್ಸರುಗಳು ಒಂದೇ ಧ್ರುವಕ್ಕೆ ಓಗೊಡುತ್ತವೆ. ಆ ಜಾಗಕ್ಕೆ ಸರಿಯಾಗಿ ಮುಂದಿನ ರಟ್ಟಿನಲ್ಲಿ ಗುಳಿ ಕೊರೆದು, ಬಿಲ್ಲೆ ಹೂತು, ಮಟ್ಟಸವಾಗಿ ಮುಚ್ಚಿ. ಮೇಲೆ ಉಬ್ಬಿ ನಿಂತರೆ ಚೀಲದೊಳಗೆ ಪರದೆಗೆ ಒತ್ತುವ ಇನ್ನೊಂದು ಡಬ್ಬಿಯ ಮೂಲೆಯನ್ನು ನಾವೇ ಇಟ್ಟಂತೆ.

ಸಾಧನವನ್ನು ಹಿಡಿದುಕೊಳ್ಳಲು ನಾಲ್ಕು ಮೂಲೆಗೆ ಎಲಾಸ್ಟಿಕ್ ಪಟ್ಟಿ. ಕೆಳ ಅಂಚಿನ ಪವರ್ ಬಟನ್‌ಗೂ ಚಾರ್ಜರ್ ತೂತಿಗೂ ಅಡ್ಡ ಬಾರದಂತೆ ನೋಡಿಕೊಂಡರೆ ಮುಗಿಯಿತು. 2011ರ ಕಿಂಡಲ್ ಟಚ್‌ನಂಥ ಹಳೆಯ ಸಾಧನವಿದ್ದವರು ಮಾತ್ರ ಹುಷಾರು: ಅವುಗಳ ಪರದೆ ಬೆರಳನ್ನು ಗುರುತಿಸುವುದು ಅಂಚಿನಿಂದ ಅಂಚಿಗೆ ಹಾಯುವ ಅವಗೆಂಪು ಕಿರಣದಿಂದ. ಎಲಾಸ್ಟಿಕ್ ಕಿರಣಕ್ಕೆ ಅಡ್ಡ ಬಂದರೆ ಅದನ್ನೇ ಬೆರಳೆಂದು ತಿಳಿಯುತ್ತವೆ.

ಅಲಂಕಾರದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮುಂಭಾಗದಲ್ಲಿ ಗುಂಡಿ, ಮಣಿ, ಲೋಹದ ಅಕ್ಷರ ಯಾವುದೂ ಇರಕೂಡದು. ಹೆಸರು ಬೇಕೇ ಬೇಕೆಂದರೆ ದಾರದಲ್ಲಿ ಬರಲಿ. ಕಸೂತಿ ಗೊತ್ತಿರುವ ಮನೆಯವರು ಪುಣ್ಯವಂತರು. ಧಾರವಾಡದ ಕಡೆಯ ಕಸೂತಿಯಲ್ಲಿ ಗಂಟು ಹಾಕುವ ಪದ್ಧತಿಯಿಲ್ಲ. ಗವಂತಿ, ಮುರ್ಗಿ ಹೊಲಿಗೆಗಳಂತೂ ಎರಡೂ ಬದಿಗೆ ಒಂದೇ ರೀತಿ ಕಾಣುತ್ತವೆ. ರಟ್ಟಿನ ಮೇಲೆ ಹರಡಿದಾಗ ಕೈಗೆ ಗಂಟಿನ ಉಬ್ಬು ತಾಗದು. ಖಾದಿಯ ಮೇಲೆ ಒಂದು ಚಿಕ್ಕ ಗೋಪುರ ಹೊಲಿದು ಅಂಟಿಸಿದರೆ ಸಾಕು, ಮೇಲೆ ಇನ್ನೇನೂ ಬೇಡ.

ದೊಡ್ಡ ಪರದೆಯವರಿಗೆ ಒಂದು ಮಾತು. 2016ರ ಡಿಸೆಂಬರ್‌ನಲ್ಲಿ ಕಿಂಡಲ್ ಅಂಗಡಿಗೆ ಐದು ಭಾರತೀಯ ಭಾಷೆಗಳು ಬಂದಾಗ ಅವುಗಳಲ್ಲಿ ಕನ್ನಡ ಇರಲಿಲ್ಲ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪಿಡಿಎಫ್ ಓದುವ ಅಭ್ಯಾಸ ನಮ್ಮಲ್ಲಿ ಬೆಳೆದದ್ದರಲ್ಲಿ ಆಶ್ಚರ್ಯವಿಲ್ಲ. ಆರು ಇಂಚಿನಲ್ಲಿ ಆ ಅಕ್ಷರಗಳು ಇರುವೆಸಾಲು, ಹಾಗಾಗಿ ಹತ್ತು ಇಂಚಿನ ಸಾಧನ ಕೊಳ್ಳುತ್ತಾರೆ. 2022ರ ಕಿಂಡಲ್ ಸ್ಕ್ರೈಬ್ ಒಂದೇ 433 ಗ್ರಾಂ. ಅಗಲ ಹೆಚ್ಚಿದಷ್ಟೂ ಬಾಗುವ ಅಪಾಯ ಹೆಚ್ಚು. ಅಂಥವಕ್ಕೆ ಹಿಂದಿನ ರಟ್ಟು ಮೂರು ಮಿಲಿಮೀಟರಿನದಾಗಲಿ, ಮುಂದಿನದು ಎರಡೇ ಇರಲಿ. ಎರಡನ್ನೂ ದಪ್ಪ ಮಾಡಿದರೆ ಓದುವ ಮುಂಚೆ ಮಣಿಕಟ್ಟು ಸೋಲುತ್ತದೆ.

ಅಂಟಿನ ಆಯ್ಕೆ ಕೊನೆಗೆ ಉಳಿಸಿಕೊಂಡೆ. ಬೆನ್ನಿನ ಮಡಿಕೆಗೆ, ಎಲಾಸ್ಟಿಕ್ ತುದಿಗಳಿಗೆ ಫೆವಿಕಾಲ್ ಇರಲಿ, ಅಲ್ಲಿ ಹಿಡಿತ ಮುಖ್ಯ. ರಟ್ಟಿನ ಮೇಲಿನ ಖಣಕ್ಕೆ ಮಾತ್ರ ಮೈದಾ ಅಂಟನ್ನೇ ಕಾಯಿಸಿಕೊಳ್ಳಿ; ಹುಳು ಹಿಡಿಯದಂತೆ ಬೈಂಡಿಂಗ್‌ನವರು ಹಾಕುವ ಚಿಟಿಕೆ ಮೈಲುತುತ್ತ ಸೇರಿಸಿದರೆ ಒಳ್ಳೆಯದು, ಅದು ವಿಷ, ಅಡುಗೆಯ ಪಾತ್ರೆ ಬಳಸಬೇಡಿ. ಅಂಟಿಸಿದ ಮೇಲೆ ಭಾರ ಹೇರಿ ದಿನಗಟ್ಟಲೆ ಒಣಗಿಸಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎಂಟು ಸಂಪುಟಗಳು ಮನೆಯಲ್ಲಿದ್ದರೆ ಬೇರೆ ಭಾರ ಹುಡುಕಬೇಕಿಲ್ಲ. ಮೈದಾವೇ ಏಕೆಂದರೆ ಅದು ಒದ್ದೆ ಬಟ್ಟೆಗೆ ಬಿಟ್ಟುಕೊಡುತ್ತದೆ, ಫೆವಿಕಾಲ್ ಬಿಡುವುದಿಲ್ಲ. ಬಿಡಿಸಬೇಕಾದ ದಿನ ಬಂದೇ ಬರುತ್ತದೆ: 2018ರ ಪೇಪರ್‌ವೈಟ್ 167 ಮಿಲಿಮೀಟರ್ ಉದ್ದವಿತ್ತು, ಮುಂದಿನದು ಏಳು ಮಿಲಿಮೀಟರ್ ಬೆಳೆಯಿತು. ಹಳೆಯ ಕವರ್ ಒಂದೂ ಹೊಂದಲಿಲ್ಲ. ಹಾಗಾಗಿ ಒಳಮಡಿಕೆಗೆ ಹದಿನೈದರ ಬದಲು ಇಪ್ಪತ್ತು ಮಿಲಿಮೀಟರ್ ಬಿಟ್ಟುಕೊಳ್ಳಿ. ಸಾಧನ ಬದಲಾದ ದಿನ ಖಣವನ್ನು ನೆನೆಸಿ ಬಿಡಿಸಿ, ನೆರಳಲ್ಲಿ ಒಣಗಿಸಿ, ಹೊಸ ರಟ್ಟಿಗೆ ಎಳೆದುಕೊಳ್ಳಬಹುದು.