ಬಾಟಲಿ ಮಲಗಿಸಿಟ್ಟರೆ ಸಾಕೆ?

ಬೆಂಗಳೂರಿನ ಅನೇಕ ಮನೆಗಳಲ್ಲಿ ವೈನ್ ಬಾಟಲಿಗೆ ಸಿಗುವ ಜಾಗ ಎರಡೇ: ಹಾಲ್‌ನ ಗಾಜಿನ ಶೋಕೇಸ್, ಇಲ್ಲವೇ ಅಡುಗೆಮನೆಯ ಫ್ರಿಜ್‌ನ ನೆತ್ತಿ. ಒಂದು ಕಡೆ ದಿನವಿಡೀ ಬೆಳಕು, ಇನ್ನೊಂದು ಕಡೆ ಯಂತ್ರದ ಬಿಸಿಗಾಳಿ. ಇಷ್ಟಾಗಿಯೂ ಬಾಟಲಿಯನ್ನು ಅಡ್ಡ ಮಲಗಿಸಿದ್ದೇವೆ ಎಂಬ ಸಮಾಧಾನ ಮನೆಯವರಿಗಿರುತ್ತದೆ. ತಪ್ಪು ಆಗುವುದು ಇಲ್ಲಿಯೇ.

ವೈನ್ ಕಾಪಾಡುವ ನಿಯಮಗಳು ಹುಟ್ಟಿದ್ದು ಯೂರೋಪಿನ ನೆಲಮಾಳಿಗೆಗಳಲ್ಲಿ. ಫ್ರಾನ್ಸಿನ ರೀಮ್ಸ್ ನಗರದ ಕೆಳಗೆ ಸೀಮೆಸುಣ್ಣದ ಕಲ್ಲನ್ನು ಕೊರೆದ ಮಾಳಿಗೆಗಳಿವೆ. ಅಲ್ಲಿ ವರ್ಷವಿಡೀ 10ರಿಂದ 12 ಡಿಗ್ರಿಯಷ್ಟೇ ಉಷ್ಣತೆ. ಹಳೇ ಮೈಸೂರಿನ ಹಗೇವಿನಲ್ಲಿ ರಾಗಿ ಉಳಿದ ಹಾಗೆ, ಅಲ್ಲಿ ಶಾಂಪೇನನ್ನು ಕಾಪಾಡಿದ್ದು ನೆಲವೇ. ಆ ಅನುಭವದಿಂದ ಬಂದ ಪಟ್ಟಿ ಈಗ ಎಲ್ಲರಿಗೂ ಬಾಯಿಪಾಠ: 12-13 ಡಿಗ್ರಿ ತಂಪು, ಶೇ. 60-70 ತೇವಾಂಶ, ಕತ್ತಲೆ, ಅಲುಗಾಟವಿಲ್ಲದ ಜಾಗ, ಮಲಗಿದ ಬಾಟಲಿ. ಪಟ್ಟಿ ತಪ್ಪಲ್ಲ. ಆದರೆ ಐದಕ್ಕೂ ಒಂದೇ ತೂಕ ಕೊಡುವುದು ತಪ್ಪು.

ಮಲಗಿಸುವುದನ್ನೇ ನೋಡೋಣ. ಕಾರ್ಕ್ ಒಣಗಿ ಕುಗ್ಗಬಾರದು, ಗಾಳಿ ಒಳಹೋಗಬಾರದು ಎಂಬುದು ಅದರ ಉದ್ದೇಶ. ಆದರೆ ಈಗ ಎಲ್ಲ ಬಾಟಲಿಗೂ ಕಾರ್ಕ್ ಇರುವುದಿಲ್ಲ. 2000ದಲ್ಲಿ ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯ ರೀಸ್ಲಿಂಗ್ ತಯಾರಕರು ಒಟ್ಟಾಗಿ ತಿರುಪು ಮುಚ್ಚಳಕ್ಕೆ ಬದಲಾದರು. ನಾಸಿಕ್‌ನ ಸುಲಾ ಕೂಡ ತನ್ನ ಹಲವು ವೈನ್‌ಗಳಿಗೆ ಅದನ್ನೇ ಬಳಸುತ್ತದೆ. ಕಾರ್ಕೇ ಇಲ್ಲದ ಬಾಟಲಿಯನ್ನು ನಿಲ್ಲಿಸಿಟ್ಟರೆ ಯಾವ ನಷ್ಟವೂ ಇಲ್ಲ.

ನಿಜವಾದ ಶತ್ರು ಬಿಸಿ. ಉಷ್ಣತೆ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ. ಕಾದ ವೈನ್ ಹಿಗ್ಗಿ ಕಾರ್ಕನ್ನು ಮೇಲಕ್ಕೆ ತಳ್ಳುತ್ತದೆ. ರಾತ್ರಿ ತಣಿದಾಗ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಹಣ್ಣಿನ ತಾಜಾತನ ಹೋಗಿ ಬೇಯಿಸಿದ ವಾಸನೆ ಬರುತ್ತದೆ. ಬೆಂಗಳೂರು ತಂಪೂರು ಎಂಬ ನಂಬಿಕೆಯ ಮೇಲೆ ವೈನ್ ಇಡುವಂತಿಲ್ಲ: 2016ರ ಏಪ್ರಿಲ್‌ನಲ್ಲಿ ನಗರ 39.2 ಡಿಗ್ರಿ ಕಂಡಿದೆ. ಆರ್‌ಸಿಸಿ ತಾರಸಿಗೆ ಅಂಟಿಕೊಂಡ ಅಟ್ಟದಲ್ಲಿ ಸೆಖೆ ಇನ್ನೂ ಹೆಚ್ಚು.

ಬೆಳಕಿನ ಹಾನಿ ಇದಕ್ಕಿಂತ ಬೇಗ. ವೈನ್‌ನಲ್ಲಿರುವ ರೈಬೋಫ್ಲೇವಿನ್ ನೀಲಿ ಮತ್ತು ಅತಿನೇರಳೆ ಬೆಳಕನ್ನು ಹೀರಿ, ಗಂಧಕದ ಸಂಯುಕ್ತಗಳನ್ನು ಹುಟ್ಟಿಸುತ್ತದೆ. ಆಗ ಬರುವುದು ಬೆಂದ ಎಲೆಕೋಸಿನ ವಾಸನೆ. ಬಣ್ಣವಿಲ್ಲದ ಗಾಜಿನ ಬಾಟಲಿಯ ರೋಸೆಗೆ ಅಪಾಯ ಹೆಚ್ಚು. ಲೂಯಿ ರೋಡರರ್ ತನ್ನ ಕ್ರಿಸ್ಟಲ್ ಶಾಂಪೇನಿಗೆ ಹಳದಿ ಹಾಳೆ ಸುತ್ತುವುದು ಈ ಕಾರಣಕ್ಕೇ. ಶೋಕೇಸಿನ ದೀಪದಡಿ ಅದನ್ನು ಬಿಚ್ಚಿಡುವುದು ಆ ತಯಾರಕರ ಶ್ರಮವನ್ನೇ ಅಳಿಸಿದಂತೆ.

ತಂಪು ಮತ್ತು ಕತ್ತಲೆ ಸಿಕ್ಕರೆ ಏನಾಗಬಲ್ಲದು ಎಂಬುದಕ್ಕೆ ಬಾಲ್ಟಿಕ್ ಸಮುದ್ರವೇ ಸಾಕ್ಷಿ. 2010ರಲ್ಲಿ ಫಿನ್ಲೆಂಡಿನ ಓಲಾಂಡ್ ದ್ವೀಪಗಳ ಬಳಿ, ಸುಮಾರು 170 ವರ್ಷ ಹಿಂದೆ ಮುಳುಗಿದ್ದ ಹಡಗಿನಲ್ಲಿ 168 ಬಾಟಲಿ ಶಾಂಪೇನ್ ಸಿಕ್ಕಿತು. ಬೆಳಕು ಹೋಗದ, ನಾಲ್ಕು ಡಿಗ್ರಿಯ ಆಸುಪಾಸಿನ ನೀರು. ಅದರಲ್ಲಿ ಕೆಲವು ಇನ್ನೂ ಸವಿಯುವಂತಿದ್ದವು!

ಹಾಗೆಂದು ಎಲ್ಲರೂ ವೈನ್ ಕೂಲರ್ ಕೊಳ್ಳಬೇಕಿಲ್ಲ. ಕಂಪ್ರೆಸರ್ ಇಲ್ಲದ ಅಗ್ಗದ ಕೂಲರ್‌ಗಳು ಸಾಮಾನ್ಯವಾಗಿ ಕೋಣೆಗಿಂತ ಹತ್ತು ಹದಿನೈದು ಡಿಗ್ರಿ ಮಾತ್ರ ಕೆಳಗಿಳಿಯುತ್ತವೆ. ಬೇಸಿಗೆಯಲ್ಲಿ ಅಷ್ಟು ಸಾಲದು. ನಂದಿಬೆಟ್ಟದ ತಪ್ಪಲಿನ ಗ್ರೋವರ್ ತಯಾರಿಸುವ ಲಾ ರಿಸರ್ವ್‌ನಂಥ, ಓಕ್ ಪೀಪಾಯಿಯಲ್ಲಿ ಮಾಗಿದ ಕೆಂಪು ವೈನ್ ಕೆಲವು ವರ್ಷ ತಾಳೀತು. ಆದರೆ ಅಂಗಡಿಯಲ್ಲಿ ಸಿಗುವ ಹೆಚ್ಚಿನ ವೈನ್‌ಗಳು ಒಂದೆರಡು ವರ್ಷದೊಳಗೆ ಕುಡಿಯಲೆಂದೇ ತಯಾರಾದವು. ಅವಕ್ಕೆ ಒಳಗೋಡೆಗೆ ತಾಗಿದ ಬೀರುವಿನ ಕೆಳಗಿನ ಖಾನೆ, ಮುಚ್ಚಿದ ರಟ್ಟಿನ ಪೆಟ್ಟಿಗೆ ಸಾಕು. ಬೇಸಿಗೆಗೆ ಮುಂಚೆ ದಾಸ್ತಾನು ಕರಗಿಸುವುದು ಇನ್ನೂ ಒಳ್ಳೆಯದು.

ಫ್ರಿಜ್‌ನೊಳಗೆ ವೈನ್ ಇಡಲೇಬಾರದು ಎಂಬ ಮಾತನ್ನೂ ಊರು ನೋಡಿ ಒಪ್ಪಬೇಕು. ಅದರ ಒಣಗಾಳಿ ಕಾರ್ಕಿಗೆ ತೊಂದರೆ ಕೊಡಲು ಹಲವು ತಿಂಗಳು ಬೇಕು. 40 ಡಿಗ್ರಿ ದಾಟುವ ಕಲಬುರಗಿಯ ಮೇ ತಿಂಗಳಲ್ಲಿ ಹೊರಗಿಟ್ಟ ಬಾಟಲಿ ಕೆಡಲು ಕೆಲವೇ ದಿನ ಸಾಕು. ಅಲ್ಲಿ ಫ್ರಿಜ್‌ನ ಕೆಳಗಿನ ತಟ್ಟೆಯೇ ಸರಿ.